ಮೊದಲ ದಿನದ ಹಬೆ

ಯುದ್ಧ ಶುರುವಾದ ಮೇಲೆ ಬಣ್ಣದ ಟ್ಯೂಬುಗಳು ಬರುವುದು ನಿಂತಿತು. ಬೆಂಗಳೂರು ದಂಡಿನ ಅಂಗಡಿಯವನು ಮೊದಲ ವರ್ಷ ‘ನೆಕ್ಸ್ಟ್ ಮಂತ್, ಮಿಸ್’ ಎಂದ. ಎರಡನೆಯ ವರ್ಷ ಸುಮ್ಮನೆ ತಲೆಯಾಡಿಸಿದ. ನಾನಾಗ ಕೋಲಾರದ ಹುಡುಗಿಯರ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಹಗಲೆಲ್ಲ ಮಕ್ಕಳಿಗೆ ಹೂಜಿ, ಮಾವಿನಕಾಯಿ, ಮತ್ತೆ ಹೂಜಿ ಬರೆಸಿ, ಮನೆಗೆ ಬಂದು ಖಾಲಿ ಟ್ಯೂಬುಗಳನ್ನು ಕತ್ತರಿಯಿಂದ ಸೀಳಿ ಒಳಗೆ ಅಂಟಿದ್ದನ್ನು ಕೆರೆಯುತ್ತಿದ್ದೆ. ಅದೂ ಮುಗಿದಾಗ ಮಣ್ಣಿಗೆ ಬಂದೆ. ದೊಡ್ಡ ಐಡಿಯಾ ಅಂತ ಏನೂ ಇರಲಿಲ್ಲ, ಬೇರೆ ದಾರಿ ಇರಲಿಲ್ಲ ಅಷ್ಟೆ. ಮಣ್ಣು, ಗಾರೆ, ಒಡಕು ಹೆಂಚು, ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಯ ಸಿಕ್ಕು, ಇವನ್ನೆಲ್ಲ ಹುಣಸೆಬೀಜದ ಅಂಟಿನಲ್ಲಿ ಹಲಗೆಯ ಮೇಲೆ ಕೂರಿಸುತ್ತ ಹೋದೆ.

ಅವು ಯಾವುದರ ಚಿತ್ರವೂ ಅಲ್ಲ. ಟೇಕಲ್ ಬೆಟ್ಟದ ಬಂಡೆಗಳು ಒಂದರ ಮೇಲೊಂದು ಕೂತಿರುವ ಭಾರ, ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಆಕಾಶವನ್ನು ಎರಡು ಮಾಡುವ ರೀತಿ, ನನಗೆ ಅಷ್ಟೇ ಬೇಕಾಗಿತ್ತು. ಬಂಡೆಯೂ ಬೇಡ, ಚಿಮಣಿಯೂ ಬೇಡ. ಇದನ್ನು ಯಾರಿಗೆ ಹೇಳುವುದು? ಅಣ್ಣ, “ಗೋಡೆ ಸಾರಿಸೋದಕ್ಕೆ ಕಾನ್ವೆಂಟಿಗೆ ಹೋಗಬೇಕಿತ್ತೇನೇ?” ಎನ್ನುತ್ತಿದ್ದ. ಅರ್ಥ ಮಾಡಿಕೊಳ್ಳಬಹುದಾಗಿದ್ದವರು ಒಬ್ಬರೇ, ನನಗೆ ಡ್ರಾಯಿಂಗ್ ಕಲಿಸಿದ ಸಿಸ್ಟರ್. ಅವರು ಯುದ್ಧಕ್ಕೆ ಸ್ವಲ್ಪ ಮುಂಚೆ ತಮ್ಮ ದೇಶಕ್ಕೆ ಹಡಗು ಹತ್ತಿದ್ದರು. ನಾನು ಬರೆದ ಮೂರು ಕಾಗದಗಳಲ್ಲಿ ಒಂದು ವಾಪಸ್ಸು ಬಂತು. ಉಳಿದ ಎರಡು ಎಲ್ಲಿಗೆ ಹೋದವೋ.

ಹೀಗಿರುವಾಗ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಸಾಹುಕಾರರು ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದರು. ನನ್ನದೊಂದು ಹಲಗೆಯನ್ನು ಬೆರಳಿಂದ ತಟ್ಟಿ ನೋಡಿ, “ಇದು ನಮ್ಮ ಹೆಂಚಲ್ವಾ?” ಎಂದರು.

“ಹೌದು, ನಿಮ್ಮ ಒಡಕು ಹೆಂಚೇ.”

“ಭೇಷ್. ಹೊಸದಾಗಿ ಆಫೀಸು ಕಟ್ಟಿಸ್ತಿದೀನಿ. ಅದರಲ್ಲಿ ಒಂದು ಗೋಡೆ ಪೂರ್ತಿ ನಿಮಗೆ ಬಿಟ್ಟೆ, ಟೀಚರಮ್ಮ. ಒಳಕ್ಕೆ ಕಾಲಿಟ್ಟೋರು ಇದು ಇವರ ಫ್ಯಾಕ್ಟ್ರಿ ಅನ್ನಬೇಕು, ಹಂಗೆ ಮಾಡ್ಕೊಡಿ.”

ನಾನು ಆಗಲಿ ಎಂದೆ. ಅವರು ಸ್ಕೆಚ್ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಈಗ ಕೂತು ಯೋಚಿಸಿದರೆ ಅದು ಅಷ್ಟು ಆನೆಸ್ಟ್ ಆದ ಕೆಲಸವಲ್ಲ. ಆದರೆ ತೋರಿಸಿದ್ದರೆ ಗೋಡೆ ಹೋಗುತ್ತಿತ್ತು. ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ. ಇಪ್ಪತ್ತಾರು ವರ್ಷದ ಹೆಂಗಸಿಗೆ ಆ ಕಾಲದಲ್ಲಿ ಗೋಡೆ ಯಾರು ಕೊಡುತ್ತಾರೆ? ಇದೊಂದು ನಿಂತರೆ ಇನ್ನೊಂದು ಕೇಳುವ ಧೈರ್ಯ ಬರುತ್ತದೆ. ನಿಲ್ಲದಿದ್ದರೆ ಜನ್ಮಪೂರ್ತಿ ಹೂಜಿ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬೇಸಿಗೆ ರಜೆಯ ಕೊನೆಗೆ ಆಫೀಸಿನ ಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು. ಅಷ್ಟರೊಳಗೆ ಮುಗಿಯಬೇಕು.

ಬಣ್ಣ ಬಳಿಯುವುದು ಬೇಡ, ಮಣ್ಣೇ ಬಣ್ಣವಾಗಲಿ ಎಂದು ನಾಲ್ಕು ತಾಲ್ಲೂಕಿನ ಮಣ್ಣು ತರಿಸಲು ಹೊರಟೆ. ಕೋಲಾರದ ಕೆರೆಯ ತಳದ ಕಪ್ಪು ಜಿಗುಟು. ಮುಳಬಾಗಿಲಿನ ಕಡೆಯಿಂದ, ಆವನಿ ಬೆಟ್ಟದ ಬುಡದ ಕೆಂಪು. ಮಾಲೂರಿನದು ಕಾರ್ಖಾನೆಯ ಗುಂಡಿಯಲ್ಲೇ ಇತ್ತು, ಸುಟ್ಟರೆ ಕಿತ್ತಳೆಗೆ ತಿರುಗುವಂಥದ್ದು. ನಾಲ್ಕನೆಯದಕ್ಕೆ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತ ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ದಾರಿಯಲ್ಲಿಳಿದೆ. ಅಲ್ಲೊಂದು ಹೊಲದ ಬದುವಿನಲ್ಲಿ ಬೂದುಬಿಳಿ ಮಣ್ಣಿತ್ತು, ಒಳಗೆ ಸಾಬಕ್ಕಿಯಂಥ ಬಿಳಿ ಹರಳು. ಅದನ್ನು ನೋಡಿದ ಕೂಡಲೇ ನನ್ನ ಗೋಡೆಯ ಎಡಭಾಗ ಪೂರ್ತಿ ಕಣ್ಣಿಗೆ ಕಟ್ಟಿತು.

ಅಗೆಸಿ ಚೀಲಕ್ಕೆ ತುಂಬಿಸುವಾಗ ಕುಂಬಾರರ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು.

“ಏಮ್ಮಾ, ಈ ಮಣ್ಣು ಯಾಕೆ? ಇದರಲ್ಲಿ ನಾವು ಒಲೆ ಹಾಕ್ತೀವಿ, ಗೋಡೆ ಮೆತ್ತುತೀವಿ. ಸುಡೋ ಗಡಿಗೆಗೆ ಇದನ್ನ ಮುಟ್ಟಲ್ಲ.”

“ಯಾಕೆ?”

“ನಮ್ಮತ್ತೆ ಮುಟ್ಟಬೇಡ ಅಂದ್ಲು, ನಾನು ಮುಟ್ಟಲ್ಲ. ಯಾಕಂತ ಆ ಮುದುಕೀನೇ ಕೇಳೋಣ ಅಂದ್ರೆ ಸತ್ತು ಹತ್ತು ವರ್ಷ ಆಯ್ತು.”

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ನಾನೇನು ನೀರು ತುಂಬುವ ಗಡಿಗೆ ಮಾಡುತ್ತಿದ್ದೇನೆಯೇ, ಚಿತ್ರ ಮಾಡುವವಳು ಎಂದುಕೊಂಡು ಚೀಲ ಬಸ್ಸಿಗೆ ಹಾಕಿಸಿದೆ. ಸಾಲದ್ದಕ್ಕೆ, ಉಳಿದ ಮೂರು ಮಣ್ಣನ್ನೂ ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದವಳು ಇದನ್ನು ಮಾತ್ರ ಸೋಸಲಿಲ್ಲ. ಆ ಹರಳುಗಳ ಟೆಕ್ಸ್ಚರ್ ಹೋಗಿಬಿಡುತ್ತದಲ್ಲ!

ಕಾರ್ಖಾನೆಯ ಅಂಗಳದ ಮೂಲೆಯಲ್ಲಿ ಖಾಲಿಯಿದ್ದ ಒಂದು ಕೋಣೆ ನನಗೆ ಕೊಟ್ಟಿದ್ದರು. ಒಂದು ಮಂಚ, ಒಂದು ಲಾಟೀನು, ರೇಷನ್ನಿನ ಸೀಮೆಎಣ್ಣೆ. ಬೆಳಗ್ಗೆ ಗಂಟೆ ಹೊಡೆದರೆ ಹೆಂಚು ಒತ್ತುವ ಯಂತ್ರದ ಸದ್ದು ಶುರು. ಮಧ್ಯಾಹ್ನ ಊಟಕ್ಕೆ ಅದು ನಿಂತಾಗ ಕಿವಿಯಲ್ಲಿ ನೋವಾಗುವಷ್ಟು ಸೈಲೆನ್ಸ್. ಕೆಲಸದ ಹೆಂಗಸರು ಬೇವಿನ ಮರದ ಕೆಳಗೆ ಒಟ್ಟಿಗೆ ಕೂತು ಮುದ್ದೆ ಬಿಚ್ಚುತ್ತಿದ್ದರು. ನಾನು ಹೋಗಿ ಕೂತ ದಿನ ಮಾತು ನಿಂತುಬಿಟ್ಟಿತು, ಒಬ್ಬಾಕೆ ತನ್ನ ಸೆರಗಿನಿಂದ ನನಗೆ ಜಾಗ ಒರೆಸಿಕೊಟ್ಟಳು. ಅಷ್ಟು ಮರ್ಯಾದೆಯಲ್ಲಿ ಊಟ ಇಳಿಯಲಿಲ್ಲ. ಮಾರನೆಯ ದಿನದಿಂದ ಕೋಣೆಯಲ್ಲೇ ತಿಂದೆ. ದೂರದಿಂದ ಮಾತ್ರ ಅವರು ಧಾರಾಳವಾಗಿ ಗೇಲಿ ಮಾಡುತ್ತಿದ್ದರು: “ನೋಡ್ರೇ, ನಾವು ಓದದೆ ಮಣ್ಣು ತುಳೀತೀವಿ, ಅಮ್ಮಾವ್ರು ಇಂಗ್ಲೀಷ್ ಓದಿ ತುಳೀತಾರೆ!”

ಮೂರು ವಾರ ಮಣ್ಣು ತುಳಿದೆ, ತಟ್ಟಿದೆ, ಗೋಡೆಗೆ ಕೂರಿಸುವ ಬಿಲ್ಲೆಗಳಾಗಿ ಕತ್ತರಿಸಿದೆ. ನಾಲ್ಕು ಮಣ್ಣೂ ನಾಲ್ಕು ರೀತಿ ಕುಗ್ಗುತ್ತವೆ. ಗೇಣುದ್ದದ ಬಿಲ್ಲೆಯಲ್ಲಿ ಕೆರೆಮಣ್ಣು ಒಂದು ಬೆರಳಿನಷ್ಟು ಕುಗ್ಗಿದರೆ ಬಿಳಿಯದು ಅದರ ಅರ್ಧ. ಮೊದಲ ಕಂತು ಪೂರ್ತಿ ಸೊಟ್ಟಗಾಗಿ ಸೀಳಿತು. ಎರಡನೆಯ ಕಂತಿಗೆ ಪ್ರತಿ ಮಣ್ಣಿಗೂ ಬೇರೆ ಅಳತೆಪಟ್ಟಿ ಮಾಡಿಕೊಂಡು, ನೆರಳಲ್ಲಿ ಒಣಗಿಸಿ, ದಿನಕ್ಕೆ ಎರಡು ಸಲ ಮಗುಚಿದೆ. ಕಪ್ಪು ಉಳಿಯಬೇಕಾದ ಬಿಲ್ಲೆಗಳನ್ನು ಭತ್ತದ ಹೊಟ್ಟಿನ ಜೊತೆ ಬಾನಿಗಳಲ್ಲಿ ತುಂಬಿ, ಗಾಳಿಯಾಡದಂತೆ ಬಾಯಿ ಮೆತ್ತಿದೆ.

ಸುಡುವುದು ಬಟ್ಟಿ ಮೇಸ್ತ್ರಿಯ ಕೈಯಲ್ಲಿತ್ತು. ರಾಯಲ್ಪಾಡಿನ ಕಡೆಯ ಮುದುಕ, ತೆಲುಗು ಮಾತು. ಸಾಹುಕಾರರ ತಂದೆಯ ಕಾಲದಿಂದ ಇದ್ದವನು. ಹುಬ್ಬಿನಲ್ಲಿ ಕೂದಲಿರಲಿಲ್ಲ, ಬೆಂಕಿ ತಿಂದುಬಿಟ್ಟಿತ್ತು. ಬಟ್ಟಿ ಉದ್ದಕ್ಕೆ ಕೋಣೆ ಕೋಣೆಯಾಗಿತ್ತು, ಬೆಂಕಿ ಒಂದು ಕೋಣೆಯಿಂದ ಮುಂದಿನದಕ್ಕೆ ನಡೆದುಹೋಗುತ್ತಿತ್ತು. ಒಂದು ಕೋಣೆಯ ಒಳಮೂಲೆಯನ್ನು ಅವನು ನನಗೆ ಬಿಟ್ಟುಕೊಟ್ಟ. ಬೆಂಕಿ ಹೊತ್ತಿದ ದಿನ ಹೇಳಿಕಳಿಸಿದ, ಅಮ್ಮಾವ್ರು ಬಂದು ನೋಡಲಿ ಅಂತ. ನಾನು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕುವುದರಲ್ಲಿದ್ದೆ. “ಈಗ ಏನು ಕಾಣುತ್ತೆ?” ಎಂದು ಕರೆಯಲು ಬಂದ ಕೆಲಸದವಳನ್ನು ಕೇಳಿದೆ.

“ಬರೀ ಹಬೆ, ಅಮ್ಮಾ.”

ಹಬೆಯಲ್ಲಿ ನೋಡುವುದೇನಿದೆ, ನಾಳೆ ಬರುತ್ತೇನೆ ಎಂದೆ.

ಮಾರನೆಯ ದಿನದಿಂದ ತಪ್ಪದೆ ಹೋದೆ. ಬಟ್ಟಿಯ ಮೇಲೆ ಹತ್ತಿ, ಸೌದೆ ಇಳಿಬಿಡುವ ತೂತಿನ ಮುಚ್ಚಳ ಸರಿಸಿ, ಸೆರಗನ್ನು ಮೂಗಿಗೆ ಹಿಡಿದು ಬಗ್ಗಿ ನೋಡುವುದು. ಮೇಸ್ತ್ರಿ ಪಕ್ಕದಲ್ಲಿ ಕೂತು ಪಾಠ ಹೇಳುತ್ತಿದ್ದ. “ಹಬೆ ಆದಮೇಲೆ ಕರೀ ಹೊಗೆ ತಾಯಿ. ಅದು ಹೋದ್ಮೇಲೆ ಒಣಮೆಣಸಿನಕಾಯಿ ಬಣ್ಣ. ಆಮೇಲೆ ರಸಪುರಿ ಹಣ್ಣು. ರಸಪುರಿ ಬಂತಾ, ನಿಲ್ಲಿಸಿಬಿಡಬೇಕು. ಒಂದು ಗಳಿಗೆ ಜಾಸ್ತಿ ಆದ್ರೆ ಹೆಂಚೆಲ್ಲ ಕರಗಿ ಬೆಲ್ಲ ಆಗೋಗುತ್ತೆ.” ರಸಪುರಿ ಬಣ್ಣ ಬಂದ ದಿನ ಬೆಂಕಿಯನ್ನು ಮುಂದಿನ ಕೋಣೆಗೆ ದಾಟಿಸಿ, ಉಳಿದದ್ದನ್ನು ಕೈಕೆಳಗಿನವರಿಗೆ ಒಪ್ಪಿಸಿ, ತನ್ನ ತೋಟದ ಮಾವು ಕೀಳಿಸಲು ಊರಿಗೆ ಹೊರಟ. ಹದಿನೈದು ದಿನ ಬರುವುದಿಲ್ಲ ಎಂದ.

ಕೋಣೆ ಆರಿ, ನನ್ನ ಬಿಲ್ಲೆಗಳು ಹೊರಗೆ ಬಂದವು. ಎಷ್ಟು ಚೆನ್ನಾಗಿದ್ದವು ಎಂದರೆ, ತೋರಿಸಲು ಯಾರೂ ಇಲ್ಲದೆ ಒಂದೊಂದನ್ನೂ ನನ್ನ ಎಡಗೈಯಿಂದ ಬಲಗೈಗೆ ದಾಟಿಸುತ್ತ ಕೂತೆ. ಬಿಳಿ ಮಣ್ಣು ರೇಷ್ಮೆಗೂಡಿನ ಒಳಮೈಯ ಬಣ್ಣಕ್ಕೆ ಬಂದಿತ್ತು.

ಅರೆದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಬಿರುಕು ಬಿಡದಂತೆ ಸಣ್ಣಗೆ ಕತ್ತರಿಸಿದ ರೇಷ್ಮೆ ಸಿಕ್ಕು. ದಿನಕ್ಕೆ ಒಂದು ಗಜದಷ್ಟು ಗೋಡೆಗೆ ಬಳಿದು, ಬಾಚಣಿಗೆಯಿಂದ ಗೀರಿ, ಬಿಲ್ಲೆ ಒತ್ತುವುದು. ಬಲಗಡೆಯಿಂದ ಶುರು ಮಾಡಿದೆ: ಕಿತ್ತಳೆ, ಕೆಂಪು, ಆಮೇಲೆ ಕಪ್ಪು. ಕೊನೆಗೆ ಎಡಗಡೆ, ನೆಲದಿಂದ ಸೂರಿನವರೆಗೆ ಬಿಳಿ. ನೂರ ನಲವತ್ತು ಬಿಲ್ಲೆ. ಕೊನೆಯದನ್ನು ಒತ್ತಿದ ದಿನ ಪ್ರವೇಶಕ್ಕೆ ಇನ್ನೂ ಐದು ದಿನವಿತ್ತು.

ಮಾರನೆಯ ದಿನ ಮಧ್ಯಾಹ್ನ ಯಂತ್ರ ನಿಂತು ಆ ಸೈಲೆನ್ಸ್ ಬಂದಾಗ, ಗೋಡೆಯಲ್ಲಿ ಟಿಕ್ ಎಂದಿತು.

ಹಲ್ಲಿ ಎಂದುಕೊಂಡೆ. ಮತ್ತೆ ಟಿಕ್. ನೆಲದ ಮೇಲೆ ಉಗುರಿನಷ್ಟು ಅಗಲದ ಚಕ್ಕೆ ಬಿದ್ದಿತ್ತು. ತಲೆಯೆತ್ತಿ ನೋಡಿದರೆ ಬಿಳಿ ಬಿಲ್ಲೆಯೊಂದರ ಮೈಯಲ್ಲಿ ಸಿಡುಬಿನಂಥ ಕುಳಿ, ಅದರ ತಳದಲ್ಲಿ ಹಿಟ್ಟಿನಂಥ ಬಿಳಿ ಪುಡಿ. ನಾನು ನೋಡುತ್ತಿದ್ದಂತೆ ಇನ್ನೊಂದು ಚಕ್ಕೆ ಹಾರಿತು. ಸಂಜೆಯ ಹೊತ್ತಿಗೆ ಐವತ್ತು ಬಿಲ್ಲೆಗೆ ಸಿಡುಬು. ಎರಡು ನಡುಮಧ್ಯೆ ಸೀಳಿದ್ದವು.

ಒಂದನ್ನು ಕಿತ್ತುಕೊಂಡು ಬಟ್ಟಿಯ ಕಡೆ ಓಡಿದೆ. ಮೇಸ್ತ್ರಿ ಅಂದೇ ಊರಿಂದ ಬಂದಿಳಿದಿದ್ದ, ಬುಟ್ಟಿಯಿಂದ ಮಾವಿನಹಣ್ಣು ಹಂಚುತ್ತಿದ್ದ. ಬಿಲ್ಲೆಯನ್ನು ತಿರುಗಿಸಿ ನೋಡಿ, ಕುಳಿಯ ಪುಡಿಯನ್ನು ನಾಲಿಗೆಗೆ ಹಚ್ಚಿ, ಪಕ್ಕಕ್ಕೆ ಉಗಿದ.

“ಸುಣ್ಣ. ಮಣ್ಣಿನೊಳಗಿನ ಹರಳು ಸುಟ್ಟು ಸುಣ್ಣ ಆಗಿದೆ. ನಾನಿದ್ದಿದ್ರೆ ಇವನ್ನ ಬಿಸಿಬಿಸಿಯಾಗೇ ತೊಟ್ಟೀಲಿ ಮುಳುಗಿಸ್ತಿದ್ದೆ. ಒಂದೇ ಸಲ ಹೊಟ್ಟೆ ತುಂಬ ನೀರು ಕುಡಿಸಿದ್ರೆ ಸುಮ್ಮನಾಗೋದು. ಈಗ ನಿಮ್ಮ ಗಾರೆಯಿಂದ ಗುಟುಕು ಗುಟುಕು ಕುಡೀತಿದೆ, ಹೆಂಡಗುಡುಕನ ಥರಾ. ಉಬ್ಬುತ್ತೆ, ಒದೀತದೆ.”

“ಎಷ್ಟು ದಿನ ಒದೆಯುತ್ತೆ?”

“ಅದರ ಆಸೆ ತೀರೋವರ್ಗೂ.” ನನ್ನ ಮುಖ ನೋಡಿ ಒಂದು ಹಣ್ಣು ಕೈಗಿಟ್ಟ. “ತಿನ್ನಮ್ಮಾ. ಅತ್ತರೆ ಸುಣ್ಣ ಕೇಳಲ್ಲ.”

ಆಗ ನನಗೆ ಆ ಕುಂಬಾರಗಿತ್ತಿಯ ಅತ್ತೆಯ ನೆನಪಾಯಿತು. ಸತ್ತು ಹತ್ತು ವರ್ಷವಾದರೂ ಆ ಮುದುಕಿಗೆ ಗೊತ್ತಿತ್ತು.

ಹೊಸದಾಗಿ ಮಾಡಿ ಸುಡಲು ನಾಲ್ಕು ದಿನದಲ್ಲಿ ಸಾಧ್ಯವಿರಲಿಲ್ಲ. ಆಫೀಸಿನ ಗುಮಾಸ್ತರು ಬಾಗಿಲಲ್ಲಿ ನಿಂತು ಚಕ್ಕೆಗಳನ್ನು ನೋಡಿ, “ಹಿಂದುಗಡೆ ನಮ್ಮ ಒಡಕು ಹೆಂಚಿನ ಗುಡ್ಡೆ ಇದೆಯಲ್ಲಮ್ಮಾ, ಅದನ್ನೇ ಹಚ್ಚಿ ಮೇಲೆ ಸುಣ್ಣ ಹೊಡೆಸಿಬಿಡಿ. ಯಾರಿಗೆ ಗೊತ್ತಾಗುತ್ತೆ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೂ ಅದೇ ಸರಿ ಎನಿಸಿತು. ಬೆಳಗ್ಗೆ ಎದ್ದು ಉಳಿ, ಸುತ್ತಿಗೆ ಹಿಡಿದು ಬಿಳಿಯದನ್ನು ಕೀಳಲು ಕೂತೆ. ಗಾರೆ ಇನ್ನೂ ಪೂರ್ತಿ ಬಿಗಿದಿರಲಿಲ್ಲ. ಉಳಿಯ ತುದಿಯಿಂದ ಮೀಟಿದರೆ ಬಿಲ್ಲೆ ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ಹತ್ತು, ಹನ್ನೆರಡು. ಕೆಲವು ಗಾರೆಯ ಮುದ್ದೆಯನ್ನೂ ಕಿತ್ತುಕೊಂಡು ಬಂದವು.

ನಾಲ್ಕು ಗಂಟೆಯ ಹೊತ್ತಿಗೆ ಕಿಟಕಿಯ ಬಿಸಿಲು ಗೋಡೆಗೆ ಅಡ್ಡಲಾಗಿ ಬಿತ್ತು. ಬಿಲ್ಲೆ ಹೋದಲ್ಲೆಲ್ಲ ಅದರ ಹಾಸಿಗೆ ಉಳಿದಿತ್ತು: ಅಂಚಿನ ಸಣ್ಣ ಏರು, ಒಳಗೆ ಬಾಚಣಿಗೆಯ ಗೀರು, ಅಲ್ಲಲ್ಲಿ ಹೊಳೆಯುವ ರೇಷ್ಮೆಯ ಎಳೆ. ಬಿಲ್ಲೆ ಇದ್ದಾಗ ಅದು ಬಿಳಿ ಗೋಡೆ. ಈಗ ಅಲ್ಲಿ ಏನೋ ಎದ್ದು ಹೋದ ಹಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಹಿಂದಿನಿಂದ ಬಂದು ಕೈಯಿಂದ ಪೆನ್ಸಿಲ್ ಕಸಿದುಕೊಳ್ಳುತ್ತಿದ್ದರು: ‘ಲೀವ್ ಇಟ್ ಅಲೋನ್ ನೌ, ಚೈಲ್ಡ್.’ ಎಷ್ಟು ಸಿಟ್ಟು ಬರುತ್ತಿತ್ತು ನನಗೆ! ಅಂದು ಕಸಿಯುವವರು ಯಾರೂ ಇರಲಿಲ್ಲ. ಉಳಿಯನ್ನು ನಾನೇ ಕೆಳಗಿಟ್ಟೆ.

ಹೆಂಚಿನ ಚೂರು ತರಿಸಲಿಲ್ಲ. ಅದು ನಿರ್ಧಾರವೋ, ಸುಸ್ತೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಆದರೆ ಆಮೇಲಿನ ಮೂರು ದಿನ ನಾನು ಮಾಡಿದ ಕೆಲಸಕ್ಕೆ ಸುಸ್ತಿನ ಲಕ್ಷಣ ಇರಲಿಲ್ಲ. ಉಳಿದ ಬಿಳಿ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿದೆ, ಅಂಚು ಮುರಿಯದ ಹಾಗೆ ಸುತ್ತ ಒದ್ದೆಬಟ್ಟೆ ಇಟ್ಟು. ಗಾರೆ ಕಿತ್ತುಬಂದ ಕಡೆ ತೇಪೆ ಹಾಕಿ ಹಳೆಯ ಗೀರಿಗೆ ಹೊಸ ಗೀರು ಕೂಡಿಸಿದೆ. ಸುಣ್ಣದ ತಿಳಿನೀರಿನಲ್ಲಿ ಬಟ್ಟೆ ಅದ್ದಿ ಒತ್ತಿದೆ. ಕೆಳಗಿನ ಏರುಗಳನ್ನು ಹೊಳೆಕಲ್ಲಿನಿಂದ ಉಜ್ಜಿ, ಮೇಲಕ್ಕೆ ಹೋಗುತ್ತ ಹಾಗೇ ಬಿಟ್ಟೆ, ಅಲ್ಲಿದ್ದದ್ದು ಏಳುತ್ತಿದೆ ಎನಿಸಲಿ ಎಂದು. ಕೊನೆಯ ದಿನ ಮಧ್ಯಾಹ್ನ ಯಂತ್ರ ನಿಂತಾಗ ಕಿವಿಗೊಟ್ಟು ಕೂತೆ. ಗೋಡೆ ಮಾತಾಡಲಿಲ್ಲ.

ಪ್ರವೇಶದ ದಿನ ಪೂಜೆ ಮುಗಿಸಿ ಸಾಹುಕಾರರು ಬೆಂಗಳೂರಿನ ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದರು. ಗೋಡೆಯ ಮುಂದೆ ಎಲ್ಲರೂ ನಿಂತರು. ಸಾಹುಕಾರರು ಬಲದಿಂದ ಎಡಕ್ಕೆ ನೋಡಿದರು, ಎಡದಿಂದ ಬಲಕ್ಕೆ ನೋಡಿದರು.

“ನಮ್ಮ ಚಿಮಣಿ ಎಲ್ಲಿ, ಟೀಚರಮ್ಮ?”

ನಾನು ಉತ್ತರ ಕೂಡಿಸುವಷ್ಟರಲ್ಲಿ ಅವರ ಮುಖ ಅರಳಿತು. ಎಡಗಡೆಯ ಖಾಲಿಯನ್ನು ನೋಡುತ್ತಿದ್ದರು. “ಓ! ತಂದೆಯವರಿಗೆ ಜಾಗ ಬಿಟ್ಟಿದೀರಿ! ನಾನು ಹೇಳೋದೇ ಮರ್ತಿದ್ದೆ, ನೀವಾಗೇ ತಿಳ್ಕೊಂಡ್ರಿ ನೋಡಿ. ಬಹಳ ಸಂತೋಷ ಆಯ್ತಮ್ಮ.” ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಗುಮಾಸ್ತರು ಮೊಳೆ ಸುತ್ತಿಗೆ ತಂದರು. ಅವರ ತಂದೆಯ ಫೋಟೋ, ಎರಡೂವರೆ ಅಡಿ ಎತ್ತರ, ಪೇಟ, ಕೋಟು, ಗಂಧದ ಹಾರ. ಮೂರು ಏಟಿಗೆ ಮೊಳೆ ಇಳಿಯಿತು. ಎದುರು ಮಾತಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಥ್ಯಾಂಕ್ಯೂ ಎಂದೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಗಾರೆ ಬಳಿಯುವ ಕರಣೆ, ಉಳಿ, ಅಳತೆಪಟ್ಟಿಗಳನ್ನು ತೊಳೆದು ಚೀಲಕ್ಕೆ ಹಾಕುತ್ತಿದ್ದೆ. ಬಾಗಿಲಲ್ಲಿ ಮೇಸ್ತ್ರಿ, ಒಗೆದ ಪಂಚೆ ಉಟ್ಟು. ಆ ಆಫೀಸಿನೊಳಕ್ಕೆ ಅವನು ಅದುವರೆಗೆ ಕಾಲಿಟ್ಟಿರಲಿಲ್ಲ. ಹೊಸ್ತಿಲ ಹೊರಗೆ ಕಾಲು ಒರೆಸಿಕೊಂಡು ಬಂದು, ಫೋಟೋಕ್ಕೆ ಕೈಮುಗಿದ. ಆಮೇಲೆ, “ದೊಡ್ಡ ಯಜಮಾನ್ರೇ, ಸ್ವಲ್ಪ ಸರ್ಕೋಬೇಕು ನೀವು” ಎಂದು ಹೇಳಿ ಅದನ್ನು ಮೊಳೆಯಿಂದ ಎತ್ತಿ ಇಳಿಸಿ, ಕುರ್ಚಿಯ ಮೇಲೆ ಹುಷಾರಾಗಿ ಕೂರಿಸಿದ. ಹಿಂದಕ್ಕೆ ಬಂದು, ಹುಬ್ಬಿಲ್ಲದ ಹಣೆಯನ್ನು ಸುಕ್ಕು ಮಾಡಿ, ಬಹಳ ಹೊತ್ತು ನಿಂತ.

“ಇದು ಕರೀ ಹೊಗೆ,” ಎಂದ, ಕೆರೆಮಣ್ಣಿನ ಕಡೆ ಕೈಮಾಡಿ. “ಇದು ಮೆಣಸಿನಕಾಯಿ. ಅಗೋ, ರಸಪುರಿ. ಇಲ್ಲಿ ನಿಲ್ಲಿಸಿದೀರಿ. ಸರಿಯಾದ ಗಳಿಗೇಲಿ ನಿಲ್ಲಿಸಿದೀರಿ, ತಾಯಿ.”

ನಾನು ಹಾಗೆಂದುಕೊಂಡು ಮಾಡಿರಲಿಲ್ಲ. ಭಾರಕ್ಕೆ ಭಾರ, ಬಣ್ಣಕ್ಕೆ ಬಣ್ಣ ಎಂದು ಜೋಡಿಸಿದ್ದೆ ಅಷ್ಟೆ. ಅವನು ಹೇಳಿದ ಮೇಲೆ ಅದು ಬೇರೆ ಯಾವುದೂ ಆಗಿರಲು ಸಾಧ್ಯವಿರಲಿಲ್ಲ. ಆ ತೂತಿನ ಮೇಲೆ ಬಗ್ಗಿದ್ದ ದಿನಗಳೆಲ್ಲ ಗೋಡೆಯ ಮೇಲಿದ್ದವು.

ಅವನು ಎಡಗಡೆಯ ಖಾಲಿಯ ಹತ್ತಿರ ಹೋದ. ಗೀರುಗಳ ಮೇಲೆ ಅಂಗೈಯನ್ನು ಮುಟ್ಟಿಸದೆ ಆಡಿಸಿದ. ತಲೆಯಾಡಿಸಿದ.

“ಹಬೆ. ಆದ್ರೆ ಇಲ್ಲಿ ತಪ್ಪಿದೆ.”

“ಏನು ತಪ್ಪು?”

“ಎದ್ದು ಹೋಗ್ತಿದೆ ನಿಮ್ಮ ಹಬೆ. ಮೊದಲ್ನೇ ದಿನದ ಹಬೆ ಏಳಲ್ಲ ತಾಯಿ, ಭಾರ ಇರುತ್ತೆ. ಬಟ್ಟಿ ಬಾಗಿಲ ಹತ್ರಾನೇ ಮಲಗಿ ಒದ್ದಾಡುತ್ತೆ, ಹೋಗೋಕೆ ಮನಸ್ಸಿಲ್ದೇ ಇರೋರ ಹಂಗೆ.” ನನ್ನ ಕಡೆ ತಿರುಗಿದ. ಬೈಗುಳವಿರಲಿಲ್ಲ ದನಿಯಲ್ಲಿ. “ಮೊದಲ್ನೇ ದಿನ ನೀವು ಬರ್ಲಿಲ್ಲ, ಅಲ್ವಾ?”

“ಬರಲಿಲ್ಲ,” ಎಂದೆ.

ಅವನು ಫೋಟೋವನ್ನು ಮತ್ತೆ ಮೊಳೆಗೆ ತಗುಲಿಸಿ, ಹಾರ ಸರಿಮಾಡಿ, ಊಟಕ್ಕೆ ಹೋದ. ನಾನು ಕರಣೆಯನ್ನು ಚೀಲದಿಂದ ತೆಗೆದು ಕೆಳಮೂಲೆಯ ಗಾರೆಯನ್ನು ಕೆರೆದು ನೋಡಿದೆ. ಕಲ್ಲಾಗಿತ್ತು.

ಸಂಜೆಯ ರೈಲಿಗೆ ಹೊರಟೆ. ಟೇಕಲ್ ದಾಟುವವರೆಗೂ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಆ ಮೂಲೆಯನ್ನು ಬರೆದು ಬರೆದು ಅಳಿಸುತ್ತಿದ್ದೆ. ಎದುರಿಗಿದ್ದ ಹೆಂಗಸು ತನ್ನ ಗಂಟನ್ನು ಸ್ವಲ್ಪ ಆಚೆಗೆ ಎಳೆದುಕೊಂಡಳು. ಆಮೇಲೆ ನನಗೆ ಯಾರೂ ಗೋಡೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹಲಗೆಗಳಲ್ಲೇ ಕೆಲಸ ಮಾಡಿದೆ. ನೋಡಿದವರು ಲವ್ಲಿ ಅಂದರು, ಇಂಟರೆಸ್ಟಿಂಗ್ ಅಂದರು. ತಪ್ಪಿದೆ ಎಂದು ಇನ್ನು ಯಾರೂ ಹೇಳಲಿಲ್ಲ. ತಪ್ಪು ಹಿಡಿಯಬೇಕಾದರೆ ನೋಡಿರಬೇಕಲ್ಲ.

ಈಗ ಕೈ ನಡುಗುತ್ತದೆ, ಮಣ್ಣು ತುಳಿಯಲಾರೆ. ಆದರೂ ಬೆಳಗ್ಗೆ ಕಾಫಿಗೆ ನೀರಿಟ್ಟಾಗ ಒಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ನೀರು ಕುದಿಯುವುದಕ್ಕೆ ಮುಂಚೆ, ಮೊದಲ ಹಬೆ ಪಾತ್ರೆಯ ಅಂಚಿನಲ್ಲಿ ಮಲಗಿರುತ್ತದೆ. ಏಳುವವರೆಗೂ ನೋಡುತ್ತೇನೆ.